ಮೂತ್ರ ತಡೆಯಲಾಗದವರ ಚರ್ಮದ ಜೋಪಾನ

(ಮಮದಾಪುರದಲ್ಲಿ ರೈತರ ಹಾಗೂ ತಾಯಂದಿರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಹಿಂಗಾರಿ ಬಿತ್ತಿಗೆಗೆ ಮುಂಚೆ ಗ್ರಾಮಸೇವಕನು ಊರಿಗೆ ಬಂದನೆಂದರೆ ಜೋಳದ ಬೀಜೋಪಚಾರದ ಮಾತೋ, ಕಡಲೆಯ ಸಿಡಿರೋಗದ ಮಾತೋ ಇರುವುದೆಂದು ತಿಳಿದು ನೀವು ಬಂದಿದ್ದೀರಿ. ಈ ಹೊತ್ತು ಅದಾವುದೂ ಇಲ್ಲ. ಮೂತ್ರವನ್ನಾಗಲಿ ಮಲವನ್ನಾಗಲಿ ತಡೆದುಕೊಳ್ಳಲಾಗದೆ ಬಟ್ಟೆಯಲ್ಲಿ, ಹಾಸಿಗೆಯಲ್ಲಿ ಮಾಡಿಕೊಳ್ಳುವಂತಾದ ಜನರ ಚರ್ಮವನ್ನು ಹೇಗೆ ಕಾಪಾಡಬೇಕು ಎಂಬುದೇ ಇಂದಿನ ವಿಷಯ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಬಹುದು, ಆದರೆ ಎದ್ದು ಹೋಗಬೇಡಿರಿ.

ಕೃಷಿ ಡಿಪ್ಲೊಮಾ ಓದಿದವನಿಗೆ ಈ ಉಸಾಬರಿ ಏಕೆಂದು ಕೇಳಬಹುದು. 1952 ರಲ್ಲಿ ಸಮುದಾಯ ವಿಕಾಸ ಯೋಜನೆ ಆರಂಭವಾದಾಗ ಗ್ರಾಮಸೇವಕನು ಬಿತ್ತನೆ ಬೀಜದ ಜೊತೆಗೆ ಬಚ್ಚಲ ಇಂಗುಗುಂಡಿ, ಹೊಗೆಯಿಲ್ಲದ ಒಲೆ, ಕುಡಿಯುವ ನೀರಿನ ಬಾವಿ ಇವೆಲ್ಲವನ್ನೂ ಕುರಿತು ಹೇಳತಕ್ಕವನಾಗಿದ್ದನು. ಹೊಲ ಮತ್ತು ಮನೆ ಬೇರೆ ಬೇರೆಯಲ್ಲವೆಂಬುದೇ ಆಗಿನ ತಿಳುವಳಿಕೆ. ಅಲ್ಲದೆ ಮಣ್ಣಿನ ಮಾದರಿಗೆಂದೋ, ಬೆಳೆ ಸಮೀಕ್ಷೆಗೆಂದೋ ಮನೆಮನೆಗೆ ಹೋಗುವ ನಾನು ಕಣ್ಣು ಮುಚ್ಚಿಕೊಂಡು ಹೋಗುವುದಿಲ್ಲ. ಪಡಸಾಲೆಯಲ್ಲಿ ಚಹಾ ಕೊಟ್ಟು ಮಾತನಾಡಿಸುವ ಮನೆಯಲ್ಲಿಯೇ, ದನ ಕಟ್ಟುವ ಜಾಗದ ಮಗ್ಗುಲಿಗೆ ಒಂದು ಕತ್ತಲೆ ಕೋಣೆ ಇರುತ್ತದೆ. ಅದರಲ್ಲಿ ಒಂದು ಹೊರಸು, ಹೊರಸಿನ ಮೇಲೆ ಗೊಬ್ಬರದ ಚೀಲ ಹಾಸಿ ಮಲಗಿಸಿದ ಒಬ್ಬ ಮುದುಕ ಅಥವಾ ಮುದುಕಿ. ವಾಸನೆಯಿಂದ ಗೊತ್ತಾಗುತ್ತದೆ. ಕೇಳಿದರೆ ಮನೆಯವರು ತಲೆ ತಗ್ಗಿಸುತ್ತಾರೆ. ಆ ಮನೆಯವರು ನಿರ್ದಯಿಗಳಲ್ಲ. ಬಹಳ ಮಂದಿ ದಿನಕ್ಕೆ ನಾಲ್ಕು ಸಲ ಸಾಬೂನು ಹಚ್ಚಿ ತಿಕ್ಕಿ ತೊಳೆಯುತ್ತಾರೆ, ಆದರೂ ಚರ್ಮ ಕೆಂಪಾಗಿ, ಸುಲಿದು, ಹುಣ್ಣಾಗಿರುತ್ತದೆ. ಹಾಗೆ ತಿಕ್ಕಿ ತೊಳೆಯುವುದರಿಂದಲೇ ಅರ್ಧ ಹುಣ್ಣು ಆಗಿರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳಲಿಕ್ಕೆಂದೇ ಇಂದು ನಿಂತಿದ್ದೇನೆ.

ಮೊದಲಿಗೆ ಒಂದು ಮಾತು. ಈ ತೊಂದರೆ ಮುದುಕರಿಗೆ ಮಾತ್ರ ಬರುವುದೆಂದು ತಿಳಿಯಬಾರದು. ಲಕ್ವ ಹೊಡೆದವರಿಗೆ, ಸಕ್ಕರೆ ಕಾಯಿಲೆ ಬಹಳ ದಿನ ಇದ್ದವರಿಗೆ, ಪ್ರಾಸ್ಟೇಟ್ ಗ್ರಂಥಿ ದಪ್ಪವಾದ ಗಂಡಸರಿಗೆ, ಮರದಿಂದಲೋ ಬಾವಿಯಲ್ಲಿಯೋ ಬಿದ್ದು ಬೆನ್ನುಹುರಿಗೆ ಪೆಟ್ಟಾದ ತರುಣರಿಗೆ ಇದು ಬರುತ್ತದೆ. ಮೂರು ನಾಲ್ಕು ಹೆರಿಗೆಯಾದ ತಾಯಂದಿರಲ್ಲಿ ಅನೇಕರಿಗೆ ಕೆಮ್ಮಿದಾಗ, ಸೀನಿದಾಗ, ಹುಲ್ಲಿನ ಹೊರೆ ಎತ್ತಿದಾಗ ಮೂತ್ರ ಸೋರುತ್ತದೆ. ಅವರು ಅದನ್ನು ಗಂಡನಿಗೂ ಹೇಳುವುದಿಲ್ಲ. ಇದು ಯಾವ ಪಾಪದ ಫಲವೂ ಅಲ್ಲ. ಎತ್ತಿನ ಕಾಲು ಉಳುಕಿದರೆ ಪಾಪವೆಂದು ಯಾರೂ ಅನ್ನುವುದಿಲ್ಲವಷ್ಟೆ.

ಎರಡನೆಯ ಮಾತು, ಎಷ್ಟೋ ಸಲ ಇದಕ್ಕೆ ಔಷಧವಿದೆ. ಮೂತ್ರದ ಸೋಂಕು, ಬಹಳ ದಿನದ ಮಲಬದ್ಧತೆ, ಹತೋಟಿ ತಪ್ಪಿದ ಸಕ್ಕರೆ, ಕೆಲವು ಮಾತ್ರೆಗಳು ಇವುಗಳಿಂದ ಆದುದು ಕಾರಣ ತೆಗೆದರೆ ಹೋಗುತ್ತದೆ ಇಲ್ಲವೆ ಕಡಿಮೆಯಾಗುತ್ತದೆ. ಕಷ್ಟದ ಹೆರಿಗೆಯಾದ ಮೇಲೆ ಹಗಲು ರಾತ್ರಿ ಎಡೆಬಿಡದೆ ಮೂತ್ರ ಸೋರತೊಡಗಿದರೆ ಒಳಗೆ ತೂತು ಬಿದ್ದಿರಬಹುದು. ಅದನ್ನು ಶಸ್ತ್ರಕ್ರಿಯೆಯಿಂದ ಮುಚ್ಚುತ್ತಾರೆ. ಕೆಮ್ಮಿದಾಗ ಸೋರುವುದಕ್ಕೆ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವಿದೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಎಂಬವರು 1948 ರಲ್ಲಿ ಇದನ್ನು ಬರೆದು ತೋರಿಸಿದರು. ಇದಕ್ಕೆ ಖರ್ಚಿಲ್ಲ, ಕೆಲವು ತಿಂಗಳು ಬಿಡದೆ ಮಾಡಬೇಕು. ಆದುದರಿಂದ ಚರ್ಮದ ಮಾತಿಗಿಂತ ಮೊದಲು ವೈದ್ಯರಿಗೆ ತೋರಿಸಿರಿ. ತೀರ ಅವಸರದ ಸಂದರ್ಭವೆಂದರೆ, ಚೆನ್ನಾಗಿದ್ದವರಿಗೆ ಒಮ್ಮೆಲೆ ಹತೋಟಿ ತಪ್ಪಿ, ಜೊತೆಗೆ ಕಾಲು ಸೋತು, ಕುಂಡಿ-ತೊಡೆಸಂದಿಯಲ್ಲಿ ಜೋಮು ಹಿಡಿದಂತಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಸಂತೆ ಮುಗಿಸಿ ನಾಳೆ ಹೋದರಾಯಿತು ಎನ್ನಕೂಡದು.

ಇನ್ನು ಚರ್ಮದ ವಿಷಯ. ಇದು ನನಗೆ ಮಣ್ಣಿನ ಪಾಠದಂತೆಯೇ ಕಾಣುತ್ತದೆ, ಮಣ್ಣಿನ ಮಾತಿನಲ್ಲಿಯೇ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಮಣ್ಣು ಪರೀಕ್ಷೆಯ ಚೀಟಿ ಇದ್ದರೆ ಅದರಲ್ಲಿ ‘ರಸಸಾರ’ ಎಂಬ ಒಂದು ಸಾಲು ಇರುತ್ತದೆ. 7 ಎಂದರೆ ಹುಳಿಯೂ ಅಲ್ಲ ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ನಮ್ಮ ಕರಿಮಣ್ಣು ಸಾಮಾನ್ಯವಾಗಿ 8 ರ ಆಚೆಗೆ ಇರುತ್ತದೆ, ಇನ್ನೂ ಮೇಲೇರಿದರೆ ಸವಳಾಗಿ ಬೆಳೆ ಸುಡುತ್ತದೆ. ಮನುಷ್ಯನ ಚರ್ಮಕ್ಕೂ ರಸಸಾರವಿದೆ. ಅದು ಸುಮಾರು 5, ಅಂದರೆ ಸ್ವಲ್ಪ ಹುಳಿ. ಆ ಹುಳಿಯೇ ಚರ್ಮದ ಬೇಲಿ. ಅದಿರುವತನಕ ಕೆಟ್ಟ ಸೂಕ್ಷ್ಮಜೀವಿಗಳು ಸುಲಭವಾಗಿ ಬೇರೂರಲಾರವು.

ಈಗ ಮೂತ್ರದ ಗುಣ ನೋಡಿರಿ. ದನದ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಗಂಜಲದ ಘಾಟು ಕಣ್ಣಿಗೆ ಹೊಡೆಯುತ್ತದೆ. ಆಗ ತಾನೇ ಬಿದ್ದ ಗಂಜಲಕ್ಕೆ ಆ ಘಾಟಿಲ್ಲ, ರಾತ್ರಿ ನಿಂತದ್ದಕ್ಕೆ ಇದೆ. ಗಂಜಲದಲ್ಲಿ ಯೂರಿಯಾ ಇರುತ್ತದೆ. ನೀವು ಚೀಲದಲ್ಲಿ ತಂದು ಹೊಲಕ್ಕೆ ಹಾಕುವ ವಸ್ತುವೇ ಅದು. ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಕ್ಷಾರ. ಮನುಷ್ಯನ ಮೂತ್ರವೂ ಹೀಗೆಯೇ. ಒದ್ದೆ ಬಟ್ಟೆಯಲ್ಲಿ ತಾಸುಗಟ್ಟಲೆ ಉಳಿದರೆ ಕ್ಷಾರವಾಗಿ ಚರ್ಮದ ಹುಳಿಬೇಲಿಯನ್ನು ಮುರಿಯುತ್ತದೆ. ಇದರ ಮೇಲೆ ಮಲವೂ ಸೇರಿದರೆ ಇನ್ನೂ ಕೆಟ್ಟದ್ದು. ಅನ್ನ ಕರಗಿಸುವ ಜಠರ-ಕರುಳುಗಳ ರಸಗಳು ಮಲದಲ್ಲಿ ಅಷ್ಟಿಷ್ಟು ಉಳಿದಿರುತ್ತವೆ. ಕ್ಷಾರವಿದ್ದಲ್ಲಿ ಅವು ಚುರುಕಾಗಿ ಚರ್ಮವನ್ನೇ ಕರಗಿಸತೊಡಗುತ್ತವೆ. ತೆಳುವಾದ ಭೇದಿಯಲ್ಲಿ ಈ ರಸಗಳು ಹೆಚ್ಚು. ಆದುದರಿಂದ ಭೇದಿ ಹತ್ತಿದ ಮುದುಕರ ಚರ್ಮ ಒಂದೇ ದಿನದಲ್ಲಿ ಕಿತ್ತುಬರುವುದುಂಟು. ಕೂಸಿಗೆ ಭೇದಿಯಾದಾಗ ತೊಡೆಸಂದಿ ಕೆಂಪಾಗುವುದನ್ನು ತಾಯಂದಿರು ಕಂಡಿದ್ದೀರಿ. ಕಾರಣ ಒಂದೇ.

ಇದರ ಜೊತೆಗೆ ಬರೀ ಒದ್ದೆಯೇ ಒಂದು ಶತ್ರು. ಕೆರೆಯಲ್ಲಿ ಬಹಳ ಹೊತ್ತು ನಿಂತು ಬಟ್ಟೆ ಒಗೆದವರ ಬೆರಳು ಬೆಳ್ಳಗೆ ಸುಕ್ಕುಗಟ್ಟುತ್ತವೆಯಷ್ಟೆ. ಹಾಗೆ ನೆನೆದ ಚರ್ಮ ಮೆತ್ತಗಾಗಿ, ಹಾಸಿಗೆಯ ಮೇಲೆ ಎಳೆದಾಡಿದರೆ ಸಿಪ್ಪೆಯಂತೆ ಸುಲಿಯುತ್ತದೆ. ಒಣಬೇಸಾಯದ ನಮ್ಮ ನಾಡಿನಲ್ಲಿ ನೀರು ನಿಲ್ಲಿಸುವುದೇ ವಿದ್ಯೆ. 1930 ರ ದಶಕದಿಂದ ವಿಜಾಪುರದ ಸಂಶೋಧನಾ ಕ್ಷೇತ್ರದವರು ಬದು ಹಾಕಿರಿ, ಮಡಿ ಕಟ್ಟಿರಿ, ತೇವ ಹಿಡಿಯಿರಿ ಎಂದು ಹೇಳುತ್ತ ಬಂದಿದ್ದಾರೆ. ಚರ್ಮದ ಬೇಸಾಯ ಇದಕ್ಕೆ ತದ್ವಿರುದ್ಧ, ಅಲ್ಲಿ ನೀರು ಹರಿದುಹೋಗಬೇಕು.

ಈಗ ಸಾಬೂನಿನ ಮಾತು. ಮೈಗೆ ಹಚ್ಚುವ ಸಾಮಾನ್ಯ ಸಾಬೂನಿನ ರಸಸಾರ 9 ರಿಂದ 10. ಬಟ್ಟೆಯ ಸಾಬೂನು ಇನ್ನೂ ಕಟು. ಮೂತ್ರದಿಂದ ಮೊದಲೇ ಕ್ಷಾರವಾದ ಚರ್ಮಕ್ಕೆ ಸಾಬೂನು ಹಚ್ಚಿ, ಒರಟು ಟವೆಲಿನಿಂದ ತಿಕ್ಕುವುದೆಂದರೆ ಸವಳು ಭೂಮಿಗೆ ಸುಣ್ಣ ಸುರಿದು ಹರಗಿದಂತೆ. ನಮ್ಮ ಅನೇಕ ಕೊಳವೆಬಾವಿಗಳ ನೀರು ಗಡಸು. ಸಾಬೂನಿನ ನೊರೆ ಬರುವುದಿಲ್ಲ, ನೊರೆ ಬರಲೆಂದು ಇನ್ನಷ್ಟು ಹಚ್ಚುತ್ತಾರೆ, ಅದರ ಕಸಿ ಚರ್ಮಕ್ಕೆ ಅಂಟಿ ಉಳಿಯುತ್ತದೆ. ಹೊಲಸು ಹೋಗಬೇಕೆಂಬ ಆತುರ ಸಹಜವೇ. ಆದರೆ ಹೊಲಸು ಹೋಗುವುದು ನೀರಿನಿಂದ ಮತ್ತು ತಾಳ್ಮೆಯಿಂದ.

ಹಾಗಾದರೆ ತೊಳೆಯುವುದು ಹೇಗೆ? ಮಲ ಆದ ಕೂಡಲೇ ತೊಳೆಯಬೇಕು, ಇದರಲ್ಲಿ ತಡ ಮಾಡುವಂತಿಲ್ಲ. ಮೂತ್ರವಾದರೆ ಒದ್ದೆ ಬಟ್ಟೆ ತೆಗೆದು, ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ನೀರು ಉಗುರುಬೆಚ್ಚಗೆ ಇರಲಿ. ಮೊದಲು ನಿಮ್ಮ ಕೈ ತೊಳೆಯಿರಿ. ಅಂಟಿದ ಮಲವನ್ನು ಒಣಬಟ್ಟೆಯಿಂದ ಮೆಲ್ಲನೆ ಎತ್ತಿ ತೆಗೆದು, ಆಮೇಲೆ ನೀರು ಹನಿಸಿ ತೊಳೆಯಿರಿ. ಹೆಂಗಸರನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಹಿಂದಿನಿಂದ ಮುಂದಕ್ಕೆ ಎಂದಿಗೂ ಕೂಡದು. ಹಾಗೆ ಮಾಡಿದರೆ ಮಲದ ಸೂಕ್ಷ್ಮಜೀವಿ ಮೂತ್ರದ ದಾರಿಗೆ ಸೇರುತ್ತದೆ. ಸಾಬೂನು ಬೇಕೇಬೇಕೆನಿಸಿದರೆ ದಿನಕ್ಕೆ ಒಂದು ಸಲ, ಸೌಮ್ಯವಾದದ್ದನ್ನು, ಅಂಗೈಯಲ್ಲಿ ನೊರೆ ಮಾಡಿ ಹಚ್ಚಿ, ಪೂರ್ತಿ ತೊಳೆದುಬಿಡಿರಿ. ಔಷಧದಂಗಡಿಯಲ್ಲಿ ಚರ್ಮದ ರಸಸಾರಕ್ಕೆ ಹೊಂದುವ ದ್ರವ ಸಾಬೂನೂ ಸಿಗುತ್ತದೆ, ಅನುಕೂಲವಿದ್ದವರು ತರಬಹುದು. ಗಾಯ ತೊಳೆಯುವ ಘಾಟು ದ್ರವಗಳನ್ನು, ಸ್ಪಿರಿಟನ್ನು ಚರ್ಮಕ್ಕೆ ಸೋಕಿಸಬಾರದು.

ತೊಳೆದ ಮೇಲೆ ಒಣಗಿಸುವುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಒರೆಸಬಾರದು, ಒತ್ತಬೇಕು. ಹಳೆಯ ಧೋತರದ ತುಂಡನ್ನು ಮೇಲಿಟ್ಟು ಒತ್ತಿ, ಎತ್ತಿ, ಮತ್ತೆ ಒತ್ತಿರಿ. ತೊಡೆಸಂದಿ, ಹೊಟ್ಟೆಯ ಮಡಿಕೆ, ಕುಂಡಿಯ ಸೀಳು ಇಲ್ಲೆಲ್ಲ ತೇವ ಅಡಗಿರುತ್ತದೆ. ಅನುಕೂಲವಿದ್ದರೆ ಒಣ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಬಿಡಿರಿ. ಬಾಗಿಲಿಗೆ ಒಂದು ಪರದೆ ಕಟ್ಟಿದರೆ ಮರ್ಯಾದೆಯೂ ಉಳಿಯುತ್ತದೆ.

ಆಮೇಲೆ ರಕ್ಷಣೆಯ ಪದರ. ನಮ್ಮೂರಿನ ಈ ಕೆರೆ ಆದಿಲ್‌ಶಾಹಿ ಕಾಲದ್ದು. ಕೆರೆಯ ಏರಿಯ ಒಳಮೈಗೆ ಕಲ್ಲು ಏಕೆ ಹೊಂದಿಸುತ್ತಾರೆ? ತೆರೆ ಬಂದು ಬಡಿದಾಗ ಮಣ್ಣು ಕೊಚ್ಚಬಾರದೆಂದು. ಚರ್ಮಕ್ಕೂ ಅಂಥದೊಂದು ಹೊದಿಕೆ ಬೇಕು. ನೀವು ವ್ಯಾಸಲಿನ್ ಎಂದು ಕರೆಯುವ ಪೆಟ್ರೋಲಿಯಂ ಜೆಲ್ಲಿ ಎಲ್ಲ ಅಂಗಡಿಯಲ್ಲಿಯೂ ಸಿಗುತ್ತದೆ. ಜಿಂಕ್ ಆಕ್ಸೈಡ್ ಇರುವ ಬಿಳಿ ಮುಲಾಮು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ. ಭೇದಿ ಇದ್ದವರಿಗೆ ಅದು ಒಳ್ಳೆಯದು. ಒಣಗಿದ ಚರ್ಮದ ಮೇಲೆ ತೆಳ್ಳಗೆ ಹಚ್ಚಿರಿ, ರೊಟ್ಟಿಗೆ ಬೆಣ್ಣೆ ಸವರಿದಂತೆ ಸಾಕು. ದಪ್ಪ ಮೆತ್ತಿದರೆ ಡಯಾಪರಿನ ಮೇಲ್ಮೈ ಜಿಡ್ಡಾಗಿ ಅದು ಮೂತ್ರ ಹೀರುವುದಿಲ್ಲ. ಮುಂದಿನ ಸಲ ತೊಳೆಯುವಾಗ ಹಳೆಯ ಮುಲಾಮನ್ನೆಲ್ಲ ಕೆರೆದು ತೆಗೆಯಲು ಹೋಗಬೇಡಿರಿ. ಹೊಲಸಾದ ಮೇಲ್ಪದರವಷ್ಟೇ ತೆಗೆದು, ಮೇಲೆ ಮತ್ತೆ ಸ್ವಲ್ಪ ಹಚ್ಚಿರಿ.

ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ ಆಗದೇ ಎಂದು ತಾಯಂದಿರು ಕೇಳುತ್ತಾರೆ. ಒಣಗಿ ಬಿರಿದ ಕಾಲು, ಬೆನ್ನಿಗೆ ಆದೀತು. ಸದಾ ಒದ್ದೆಯಾಗುವ ಜಾಗದಲ್ಲಿ ಎಣ್ಣೆ ನಿಲ್ಲುವುದಿಲ್ಲ. ಇನ್ನು ಅರಿಶಿಣ, ಬೂದಿ, ಸುಣ್ಣದ ತಿಳಿ, ಯಾವುದೋ ಎಲೆಯ ರಸ, ಘಮಘಮಿಸುವ ಪೌಡರು, ಇವಾವುದನ್ನೂ ಹಚ್ಚಕೂಡದು. ಪೌಡರು ಒದ್ದೆಗೆ ಸೇರಿ ಉಂಡೆಗಟ್ಟಿ, ಮರಳು ಕಾಗದದಂತೆ ತೊಡೆಸಂದಿಯನ್ನು ಉಜ್ಜುತ್ತದೆ.

ಅಂಗಡಿಯ ಮುಲಾಮಿನ ಒಂದು ಅಪಾಯವನ್ನು ಒತ್ತಿ ಹೇಳಬೇಕಾಗಿದೆ. ತುರಿಕೆಗೆಂದು ಚೀಟಿಯಿಲ್ಲದೆ ಕೊಡುವ ಕೆಲವು ಟ್ಯೂಬುಗಳಲ್ಲಿ ಬೂಸಿನ ಔಷಧ, ಸೋಂಕಿನ ಔಷಧದ ಜೊತೆಗೆ ಸ್ಟಿರಾಯ್ಡ್ ಎಂಬ ಬಲವಾದ ವಸ್ತು ಬೆರೆತಿರುತ್ತದೆ. ಹಚ್ಚಿದ ಎರಡು ದಿನ ಕೆಂಪು ಹೋಗಿ, ಆಹಾ ಎನಿಸುತ್ತದೆ. ಹಚ್ಚುತ್ತ ಹೋದರೆ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗುತ್ತದೆ, ಬೂಸು ಒಳಗಿಂದ ಹಬ್ಬುತ್ತದೆ. ಯಾವ ಕೀಟಕ್ಕೆ ಯಾವ ಔಷಧವೆಂದು ತಿಳಿಯದೆ ಮೂರು ಡಬ್ಬಿ ಕಲಸಿ ಸಿಂಪಡಿಸುವವರಿಗೆ ನಾನು ಏನು ಹೇಳುತ್ತೇನೋ ಇಲ್ಲಿಯೂ ಅದನ್ನೇ ಹೇಳುತ್ತೇನೆ. ಮಡಿಕೆಗಳಲ್ಲಿ ಗಾಢ ಕೆಂಪು, ಅದರ ಅಂಚಿನಾಚೆಗೆ ಸಣ್ಣ ಸಣ್ಣ ಗುಳ್ಳೆ, ವಿಪರೀತ ತುರಿಕೆ ಇದ್ದರೆ ಅದು ಬೂಸು ಇರಬಹುದು. ವೈದ್ಯರು ನೋಡಿ ಬೂಸಿನ ಮುಲಾಮನ್ನೇ ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು.

ಹಾಸಿಗೆ ಬಟ್ಟೆಯ ವಿಷಯಕ್ಕೆ ಬರೋಣ. ಹಳೆಯ ನೂಲಿನ ಸೀರೆ, ಧೋತರ ಇವು ಉತ್ತಮ. ಅವನ್ನು ಮೂರು ನಾಲ್ಕು ಪದರ ಮಡಚಿ ಹಾಕಿರಿ. ನಮ್ಮ ಕಡೆ ಪ್ರತಿ ಮನೆಯಲ್ಲಿ ಕೌದಿ ಇರುತ್ತದೆ, ಹೊಲಿಯಬಲ್ಲ ಅಜ್ಜಿಯರೂ ಇದ್ದಾರೆ. ದೊಡ್ಡ ಕೌದಿಯನ್ನೇ ಹಾಸಿದರೆ ಒಗೆಯುವುದು ಕಷ್ಟ, ಒಣಗುವುದು ತಡ. ಎರಡು ಮೊಳದ ಚೌಕದ ತೆಳು ಕೌದಿಗಳನ್ನು ಏಳೆಂಟು ಹೊಲಿದಿಟ್ಟುಕೊಂಡರೆ ಒಂದು ತೆಗೆದು ಒಂದು ಹಾಸಬಹುದು. ಅವುಗಳ ಕೆಳಗೆ ರಬ್ಬರ್ ಹಾಳೆ ಇರಲಿ, ಮೇಲಲ್ಲ. ಮೈಗೆ ಪ್ಲಾಸ್ಟಿಕ್ ತಾಗಿದರೆ ಬೆವರು ಹಿಡಿದು ಚರ್ಮ ಬೇಯುತ್ತದೆ.

ಗೊಬ್ಬರದ ಚೀಲವನ್ನು ಹಾಸಲೇಕೂಡದು. ಅದರ ಹೆಣಿಗೆಯಲ್ಲಿ ಯೂರಿಯಾ, ಡಿ.ಎ.ಪಿ. ಹರಳು ಉಳಿದಿರಬಹುದು, ಹೆಣಿಗೆಯೂ ಒರಟು. ಕೀಟನಾಶಕದ ಡಬ್ಬಿಯಲ್ಲಿ ತೊಳೆಯುವ ನೀರು ತುಂಬಿಡುವುದನ್ನಂತೂ ಕೇಳಿದರೇ ಮೈ ನಡುಗುತ್ತದೆ. ಸುಲಿದ ಚರ್ಮಕ್ಕೆ ವಿಷ ಬಲುಬೇಗ ಇಳಿಯುತ್ತದೆ.

ಒಗೆದ ಬಟ್ಟೆಯನ್ನು ಎಲ್ಲಿ ಒಣಗಿಸುತ್ತೀರಿ? ಹೆಚ್ಚಿನ ಮನೆಗಳಲ್ಲಿ ಕಟ್ಟಿಗೆ ಒಟ್ಟಿಲ ಹಿಂದೆ, ನೆರಳಿನಲ್ಲಿ, ಯಾರಿಗೂ ಕಾಣದಂತೆ. ವಿಜಯಪುರ ಜಿಲ್ಲೆಯ ಬಿಸಿಲು ಪ್ರಸಿದ್ಧ. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ನಾಡು ಇದು, ಆದರೂ ಆ ಬಟ್ಟೆಗೆ ಮಾತ್ರ ಬಿಸಿಲಿಲ್ಲ. ಅರೆ ಒಣಗಿದ ಬಟ್ಟೆಯಲ್ಲಿ ಬೂಸು ಉಳಿದು ಮತ್ತೆ ಅದೇ ಚರ್ಮಕ್ಕೆ ಬರುತ್ತದೆ. ಅಂಗಳದ ಹಗ್ಗದ ಮೇಲೆ ಎಲ್ಲರ ಬಟ್ಟೆಯ ಜೊತೆಗೆ ಹಾಕಿರಿ. ನೋಡಿದವರು ನಾಲ್ಕು ದಿನ ಮಾತಾಡಿ ಸುಮ್ಮನಾಗುತ್ತಾರೆ. ಸಾಬೂನಿನ ಅಂಶ ಉಳಿಯದಂತೆ ಎರಡು ಸಲ ಜಾಲಾಡಿಸಬೇಕು ಎಂಬುದೂ ನೆನಪಿರಲಿ.

ಡಯಾಪರು ಹಾಕುವುದು ಸೊಸೆಯ ಸೋಮಾರಿತನವೆಂದು ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಬೆಳಿಗ್ಗೆ ಕಳೆ ತೆಗೆಯಲು ಹೋಗುವವಳಿಗೆ ಅದರಿಂದ ನಿದ್ದೆ ಸಿಗುವುದಾದರೆ ಒಳ್ಳೆಯದೇ. ಆದರೆ ಬೆಲೆ ಕಡಿಮೆಯಲ್ಲವೆಂದು ಒಂದನ್ನೇ ಹಗಲೆಲ್ಲ ಬಿಟ್ಟರೆ ಅದು ಚರ್ಮಕ್ಕೆ ಕಟ್ಟಿದ ಕೆಸರುಗದ್ದೆಯಾಗುತ್ತದೆ. ಎರಡು ಮೂರು ತಾಸಿಗೊಮ್ಮೆ ಮುಟ್ಟಿ ನೋಡಿ, ಭಾರವಾಗಿದ್ದರೆ ತೆಗೆಯಿರಿ, ಮಲವಾಗಿದ್ದರೆ ಆ ಕ್ಷಣವೇ ತೆಗೆಯಿರಿ. ಹಗಲಿಗೆ ಬಟ್ಟೆ, ರಾತ್ರಿಗೆ ಡಯಾಪರು ಎಂದು ಮಾಡಿಕೊಂಡವರಿದ್ದಾರೆ, ಅದು ಒಳ್ಳೆಯ ಏರ್ಪಾಡು. ಬಳಸಿದ್ದನ್ನು ಸುತ್ತಿ ಪಂಚಾಯಿತಿಯ ಕಸದ ಗಾಡಿಗೆ ಬೇರೆಯಾಗಿ ಕೊಡಿರಿ. ಕೆರೆಗೆ, ಹಳ್ಳಕ್ಕೆ ಎಸೆಯಬೇಡಿರಿ, ದನ ಮೇಯುವಲ್ಲಿ ಬಿಸಾಡಬೇಡಿರಿ.

ಇನ್ನು ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಸಂಗತಿ ಒಂದಿದೆ. ಮೂತ್ರ ಕಡಿಮೆಯಾಗಲಿ ಎಂದು ಮುದುಕರಿಗೆ ನೀರು ಕೊಡದಿರುವುದು. ಎಷ್ಟೋ ಸಲ ಮುದುಕರೇ, ಸೊಸೆಗೆ ತ್ರಾಸಾಗಬಾರದೆಂದು, ಬಾಯಾರಿದರೂ ಕೇಳುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಇದು ಪ್ರಾಣಕ್ಕೆ ಕುತ್ತು. ಚರ್ಮಕ್ಕೂ ಇದರಿಂದ ಲಾಭವಿಲ್ಲ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಹೆಚ್ಚು ಉರಿಯುತ್ತದೆ. ಸೋಂಕು ಹತ್ತುತ್ತದೆ. ಮಲ ಗಟ್ಟಿಯಾಗಿ ಕರುಳಿನಲ್ಲಿ ಕಲ್ಲಿನಂತೆ ಕೂತು, ಅದರ ಮಗ್ಗುಲಿಂದ ತೆಳು ಮಲ ಸೋರುತ್ತದೆ. ಮನೆಯವರು ಭೇದಿಯೆಂದು ತಿಳಿದು ಮತ್ತೂ ಅನ್ನ ನೀರು ನಿಲ್ಲಿಸುತ್ತಾರೆ. ಹೃದಯದ, ಮೂತ್ರಪಿಂಡದ ಕಾಯಿಲೆಗೆ ವೈದ್ಯರು ಅಳತೆ ಹಾಕಿಕೊಟ್ಟಿದ್ದರೆ ಆ ಮಾತು ಬೇರೆ. ಉಳಿದವರಿಗೆ ಹಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ನೀರು, ಮಜ್ಜಿಗೆ, ಅಂಬಲಿ ಕೊಡಿರಿ. ಮಲಗುವ ಎರಡು ತಾಸು ಮುಂಚೆ ಕಡಿಮೆ ಮಾಡಿದರೆ ಸಾಕು. ಚಹಾ ಕೆಲವರಿಗೆ ಮೂತ್ರದ ಅವಸರ ಹೆಚ್ಚಿಸುತ್ತದೆ, ನೋಡಿ ತಗ್ಗಿಸಿರಿ. ನಮ್ಮ ಪುಂಡಿಪಲ್ಯ, ಮೆಂತೆ, ಹೆಸರುಕಾಳು ಮಲವನ್ನು ಸಡಿಲವಾಗಿ ಇಡುತ್ತವೆ. ಕೈಹಿಡಿದು ನಡೆಸಿದರೆ ನಡೆಯಬಲ್ಲವರನ್ನು ಎರಡು ಮೂರು ತಾಸಿಗೊಮ್ಮೆ, ಅವರು ಕೇಳದಿದ್ದರೂ, ಶೌಚಾಲಯಕ್ಕೆ ಕರೆದೊಯ್ಯಿರಿ. ಏಳಲಾರದ ಗಂಡಸರಿಗೆ ಮೂತ್ರದ ಬಾಟಲಿ ಹೊರಸಿನ ಮಗ್ಗುಲಲ್ಲೇ ಇರಲಿ. ಅರ್ಧ ಒದ್ದೆ ಇದರಿಂದಲೇ ತಪ್ಪುತ್ತದೆ.

ಒದ್ದೆಯಿಂದಾದ ಹುಣ್ಣು ಬೇರೆ, ಒತ್ತಡದಿಂದಾದ ಹಾಸಿಗೆ ಹುಣ್ಣು ಬೇರೆ. ಒದ್ದೆಯ ಹುಣ್ಣು ಅಗಲವಾಗಿ ಮೇಲ್ಮೇಲೆ ಹಬ್ಬುತ್ತದೆ, ತೊಡೆ, ಕುಂಡಿ, ಮಡಿಕೆಗಳಲ್ಲಿ. ಹಾಸಿಗೆ ಹುಣ್ಣು ಎಲುಬು ಉಬ್ಬಿದಲ್ಲಿ ಒಂದು ಗುಂಡನೆಯ ಕಲೆಯಾಗಿ ಸುರುವಾಗಿ ಒಳಕ್ಕೆ ಇಳಿಯುತ್ತದೆ: ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ. ಒದ್ದೆ ಚರ್ಮದಲ್ಲಿ ಎರಡನೆಯದು ಬೇಗ ಬರುತ್ತದೆ. ಪುಸ್ತಕಗಳಲ್ಲಿ ‘ಕೆಂಪಾದರೆ ಎಚ್ಚರ’ ಎಂದು ಬರೆದಿರುತ್ತಾರೆ. ಬಿಸಿಲಿನಲ್ಲಿ ದುಡಿದ ನಮ್ಮ ಕಪ್ಪು ಮೈಯಲ್ಲಿ ಕೆಂಪು ಕಾಣುವುದೇ ಇಲ್ಲ. ಆದುದರಿಂದ ಕಣ್ಣಿನ ಜೊತೆಗೆ ಕೈಯಿಂದಲೂ ನೋಡಿರಿ. ಸುತ್ತಲಿಗಿಂತ ಹೆಚ್ಚು ಕಪ್ಪಾಗಿ ಅಥವಾ ನೇರಳೆಯಾಗಿದೆಯೇ, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ? ದಿನಕ್ಕೆ ಒಂದು ಸಲ, ಹಗಲು ಬೆಳಕಿನಲ್ಲಿ ನೋಡಿದರೆ ಸಾಕು. ಕತ್ತಲೆ ಕೋಣೆಯಿಂದ ಅವರನ್ನು ಹೊರಗೆ ತರಲು ಇದೂ ಒಂದು ಕಾರಣ.

ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ 1944 ರಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಯುದ್ಧದಲ್ಲಿ ಬೆನ್ನುಹುರಿ ಮುರಿದ ಸೈನಿಕರಿಗೆ ವಿಶೇಷ ವಾರ್ಡು ತೆರೆದರು. ಅದಕ್ಕೆ ಮುಂಚೆ ಅಂಥವರಲ್ಲಿ ಬಹುಮಂದಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಆತ ಹೊಸ ಮದ್ದೇನೂ ತರಲಿಲ್ಲ. ಹಗಲು ರಾತ್ರಿ ಎರಡು ತಾಸಿಗೊಮ್ಮೆ ರೋಗಿಯ ಮಗ್ಗುಲು ಬದಲಿಸಿದರು, ಚರ್ಮ ಒಣಗಿಸಿಟ್ಟರು, ಮೂತ್ರದ ದಾರಿಯನ್ನು ಸ್ವಚ್ಛವಾಗಿಟ್ಟರು. ಸತ್ತೇ ಹೋಗುವರೆಂದು ಬಿಟ್ಟವರು ಗಾಲಿಕುರ್ಚಿಯಲ್ಲಿ ಆಟದ ಬಯಲಿಗೆ ಬಂದರು. ನಮ್ಮ ರಾಜ್ಯದಲ್ಲಿಯೂ ಬೆಂಗಳೂರಿನಲ್ಲಿ 1959 ರಲ್ಲಿ ಎನ್. ಎಸ್. ಹೇಮಾ ಅವರು ಆರಂಭಿಸಿದ ಅಂಗವಿಕಲರ ಸಂಸ್ಥೆಯು ಬೆನ್ನುಹುರಿ ಪೆಟ್ಟಾದವರಿಗೆ ತಮ್ಮ ಚರ್ಮವನ್ನು ತಾವೇ ನೋಡಿಕೊಳ್ಳುವುದನ್ನು ಕಲಿಸುವ ಕೆಲಸ ಮಾಡುತ್ತ ಬಂದಿದೆ.

ಮಗ್ಗುಲು ಬದಲಿಸುವಾಗ ಎಳೆಯಬೇಡಿರಿ. ಇಬ್ಬರು ನಿಂತು, ಹಾಸಿದ ಬಟ್ಟೆಯ ಅಂಚು ಹಿಡಿದು ಎತ್ತಿ ಸರಿಸಿರಿ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಮೀನಖಂಡದ ಕೆಳಗೆ ಮೆತ್ತನೆಯ ಸುರುಳಿ ಇಡಿರಿ. ಕುರ್ಚಿಯಲ್ಲಿ ಕೂರುವವರು ಅರ್ಧ ತಾಸಿಗೊಮ್ಮೆಯಾದರೂ ಕೈಯೂರಿ ಮೈ ಎತ್ತಿ ಇಳಿಸಬೇಕು.

ಇಬ್ಬರು ನಿಂತು ಎಂದೆ. ಎರಡನೆಯವರು ಯಾರು? ಈ ಕೆಲಸವೆಲ್ಲ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಹೆಗಲ ಮೇಲೆ ಬಿದ್ದಿರುವುದನ್ನೇ ನಾನು ಎಲ್ಲ ಕಡೆ ಕಂಡಿದ್ದೇನೆ. ಆಕಳು ಈದಾಗ ರಾತ್ರಿಯೆಲ್ಲ ಕೂತು ಕೈ ಹೊಲಸು ಮಾಡಿಕೊಳ್ಳುವ ಗಂಡಸಿಗೆ ತಂದೆಯ ಮೈ ತೊಳೆಯಲು ಏಕೆ ಸಂಕೋಚ? ಮಾವನಿಗೆ ಸೊಸೆಯಿಂದ ತೊಳೆಸಿಕೊಳ್ಳಲು ಎಷ್ಟು ನಾಚಿಕೆಯಾಗುತ್ತದೆಂದು ಒಮ್ಮೆ ಯೋಚಿಸಿರಿ. ಅದೇ ನಾಚಿಕೆಯಿಂದ ಅವರು ಒದ್ದೆಯಾಗಿದೆ ಎಂದು ಹೇಳುವುದಿಲ್ಲ, ಹೇಳದೆ ತಾಸುಗಟ್ಟಲೆ ಅದರಲ್ಲೇ ಮಲಗಿರುತ್ತಾರೆ. ಮಗನು ಬಂದು ಕೇಳಿದರೆ ಹೇಳಿಯಾರು.

ಯಾವಾಗ ತಡಮಾಡದೆ ತೋರಿಸಬೇಕೆಂದರೆ, ಮೇಲೆ ಹೇಳಿದಂತೆ ಮಾಡಿದರೂ ಮೂರು ನಾಲ್ಕು ದಿನದಲ್ಲಿ ಇಳಿಯದಿದ್ದರೆ, ಚರ್ಮ ತೆರೆದು ನೀರು ಅಥವಾ ಕೀವು ಬಂದರೆ, ಕಪ್ಪು ಕಲೆ ಮೂಡಿದರೆ, ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ. ನಮ್ಮ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ಹೋಗಿರಿ. ರೋಗಿಯನ್ನು ಒಯ್ಯಲಾಗದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಮುಂದಿನ ಚಿಕಿತ್ಸೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆಯಿದೆ, ಬಿ.ಎಲ್.ಡಿ.ಇ. ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆಂಬುದು ಅನೇಕರಿಗೆ ಗೊತ್ತಿಲ್ಲ. ಲಕ್ವ ಹೊಡೆದು ಅಥವಾ ಬೆನ್ನುಹುರಿಗೆ ಪೆಟ್ಟಾಗಿ ಮಲಗಿದವರ ಗುರುತಿನ ಚೀಟಿಗೆ, ಸಲಕರಣೆಗೆ ಅರ್ಜಿ ಬರೆಯಲು ಅವರ ಸಹಾಯ ಪಡೆಯಿರಿ.

ಬಾಯಿಮಾತಿಗಿಂತ ಪ್ರಾತ್ಯಕ್ಷಿಕೆ ಮೇಲು ಎಂಬುದು ನಮ್ಮ ಇಲಾಖೆಯ ಹಳೆಯ ಪಾಠ. ಅದಕ್ಕಾಗಿ ಈ ಮೇಜಿನ ಮೇಲೆ ಎರಡು ಬೋಗುಣಿ ನೀರು, ಧೋತರದ ತುಂಡುಗಳು, ಜಿಂಕ್ ಮುಲಾಮಿನ ಡಬ್ಬಿ, ಹೊಲಿದ ಒಂದು ಸಣ್ಣ ಕೌದಿ ಇಟ್ಟಿದೆ. ಆಶಾ ಕಾರ್ಯಕರ್ತೆಯರು ಒತ್ತಿ ಒಣಗಿಸುವುದನ್ನು, ಮುಲಾಮು ಎಷ್ಟು ತೆಳ್ಳಗೆ ಹಚ್ಚಬೇಕೆಂಬುದನ್ನು ತಮ್ಮ ಮುಂಗೈ ಮೇಲೆ ಮಾಡಿ ತೋರಿಸುವರು. ತಾಯಂದಿರು ಒಬ್ಬೊಬ್ಬರಾಗಿ ಮುಂದೆ ಬರಬಹುದು. ಹಿಂದಿನ ಸಾಲಿನ ಗಂಡಸರೂ ಬರಬೇಕು, ಅವರಿಗಾಗಿ ಈ ಮಗ್ಗುಲಲ್ಲಿ ಜಾಗ ಬಿಡಲಾಗಿದೆ.